ಉಪಾಧ್ಯ ಸರ್ ತಿದ್ದಿಕೊಂಡ ಉತ್ತರ

ಪ್ರೀತಿಯ ಸರ್,

ಇಕನಾಮೆಟ್ರಿಕ್ಸ್ ತರಗತಿಯಲ್ಲಿ ಅಂದು ನೀವು ವಿವರಿಸುತ್ತಿದ್ದದ್ದು ನಿಮಗೆ ಹೆಸರು ತಂದ ಲೇಖನವನ್ನು. ನಾವಿದ್ದ ಈ ಕೊಲ್ಲಿ ದೇಶದ ಸಲ್ಮಾಬಾದಿನ ವರ್ಕ್‌ಶಾಪುಗಳಲ್ಲಿ ಸುರಕ್ಷತಾ ತರಬೇತಿ ಪಡೆದ ಕೆಲಸಗಾರರಿಗೆ ಗಾಯಗಳು ತೀರಾ ಕಡಿಮೆ ಎಂದು ಅಂಕಿಅಂಶಗಳಿಂದ ತೋರಿಸಿದ್ದಿರಿ. ನನ್ನ ಅಬ್ಬ ಅಲ್ಲೇ ವೆಲ್ಡರ್. ಅದಕ್ಕೇ ನನಗೆ ಧೈರ್ಯ ಬಂತೋ ಏನೋ.

"ಸರ್, ತಾವಾಗಿಯೇ ತರಬೇತಿಗೆ ಹೋಗುವವರು ಮೊದಲಿಂದಲೇ ಜಾಗ್ರತೆಯವರು. ಮತ್ತೆ ಗಾಯ ಕಡಿಮೆಯಾದದ್ದು ತರಬೇತಿಯಿಂದ ಅಂತ ಹೇಗೆ ಹೇಳುದು?"

ನೀವು ಬೋರ್ಡಿನತ್ತ ತಿರುಗಿ ಹೇಳಿದಿರಿ: "ವಯಸ್ಸು, ಅನುಭವ ಎಲ್ಲ ಲೆಕ್ಕಕ್ಕೆ ತಗೊಂಡಿದ್ದೆ ಸಫಿಯಾ. ಮನುಷ್ಯನ ಸ್ವಭಾವ ಬಿಟ್ಟುಹೋಯ್ತು."

ನಿಮ್ಮ ನಿವೃತ್ತಿ ಹತ್ತಿರವಿತ್ತು. ಬೇರೆಯವರಾಗಿದ್ದರೆ... ನೀವು ಅದೇ ವಾರ ಸಂಪಾದಕರಿಗೆ ಪತ್ರ ಬರೆದು ತಪ್ಪು ಒಪ್ಪಿಕೊಂಡಿರಿ. ಆಮೇಲೆ ನನ್ನನ್ನು ಕರೆದು, "ಬಾ, ಸರಿಯಾಗಿ ಮಾಡುವ" ಎಂದಿರಿ.

ಆ ರಜೆಯ ಶುಕ್ರವಾರಗಳು ನೆನಪಿವೆಯೇ ಸರ್? ಬೆಳಗ್ಗೆಯೇ ಸಲ್ಮಾಬಾದಿಗೆ ಹೋಗಿ, ಚೀಟಿ ಎತ್ತಿ ಎರಡು ತಂಡ ಮಾಡಿ, ಒಂದನ್ನು ಈಗ, ಇನ್ನೊಂದನ್ನು ಆರು ತಿಂಗಳ ಬಳಿಕ ತರಬೇತಿಗೆ ಕಳಿಸಲು ಮಾಲೀಕರನ್ನು ಒಪ್ಪಿಸಿದಿರಿ. ಚೀಟಿಗೆ ಯಾರು ಜಾಗ್ರತೆಯವರು, ಯಾರು ಅಲ್ಲ ಎಂಬುದು ಗೊತ್ತಿರುವುದಿಲ್ಲವಲ್ಲ! ಅಬ್ಬ ಹಾಲಿಲ್ಲದ ಸುಲೈಮಾನಿ ಚಹಾ ಕೊಡುತ್ತಾ ಕೇಳಿದ್ದರು: "ಸಾರ್, ಇಷ್ಟು ವರ್ಷ ಕಲಿಸಿ ಈಗ ನಮ್ಮ ಹತ್ರ ಕಲಿಯುದಾ?" "ಹೌದು ಮಾರಾಯ್ರೆ, ಮೊದಲೇ ಬರ್ಬೇಕಿತ್ತು," ಎಂದು ನೀವು ಇನ್ನೊಂದು ಲೋಟ ಕೇಳಿದಿರಿ.

ಫಲಿತಾಂಶ ಬಂದ ದಿನ ನನ್ನ ಮುಖ ಸಣ್ಣಗಾಗಿತ್ತು. ಪ್ರಯೋಜನ ಮೊದಲು ಹೇಳಿದ್ದಕ್ಕಿಂತ ಬಹಳ ಕಡಿಮೆ. ತರಬೇತಿಯ ಭಾಷೆಯಾದ ಇಂಗ್ಲಿಷ್ ತಿಳಿಯುವವರಲ್ಲಿ ಮಾತ್ರ ಅದು ಎದ್ದು ಕಾಣುತ್ತಿತ್ತು. ನೀವಾದರೋ ಖುಷಿಯಿಂದ ಮೇಜು ಕುಟ್ಟಿದಿರಿ. "ಸಣ್ಣದೇ ಇರಲಿ, ನಿಜ ಉಂಟಲ್ಲ!" ಅದೇ ತಿಂಗಳು ಚಿಕಿತ್ಸೆಗೆಂದು ಉಡುಪಿಗೆ ಹೋದ ನೀವು ಮರಳಲಿಲ್ಲ; ತೀರಿಕೊಂಡ ಸುದ್ದಿಯಷ್ಟೇ ಬಂತು.

ಸರ್, ಲೇಖನ ಪ್ರಕಟವಾಯಿತು, ನಿಮ್ಮ ಹೆಸರೇ ಮೊದಲು. ನಾನೀಗ ನಿಮ್ಮ ವಿಭಾಗದಲ್ಲೇ ಪಾಠ ಮಾಡುತ್ತೇನೆ. ಹೇಳಬೇಕೆಂದು ಕಾದಿದ್ದ ಸುದ್ದಿ ಮಾತ್ರ ಬೇರೆ. ಇಂಗ್ಲಿಷಿನಲ್ಲಷ್ಟೇ ಇದ್ದ ತರಬೇತಿ ಈಗ ಹಿಂದಿ, ಮಲಯಾಳಂ, ಬಂಗಾಳಿಯಲ್ಲೂ ನಡೆಯುತ್ತಿದೆ. ಕಳೆದ ವಾರ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ಪಾಠ ಮುಗಿದಿತ್ತು, ಹೊರಗೆ ಕೆಲಸಗಾರರ ಕ್ಯಾಂಪಿನ ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತು. ತಮ್ಮ ಭಾಷೆಯಲ್ಲಿ ಪ್ರಶ್ನೆ ಕೇಳುತ್ತಾ ಕೂತವರಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ ಸರ್.

ನಿಮ್ಮ
ಸಫಿಯಾ