ಎಡಗೆನ್ನೆಯ ಹರಕೆ

ಕೊಟ್ಟೂರು
2–12–2003, ಮಂಗಳವಾರ

ಪ್ರೀತಿಯ ಅರ್ಚನಾ,

ಹೇಗಿದ್ದೀಯಮ್ಮ? ಬೆಳಗಾವಿಯ ಚಳಿ ಇಲ್ಲಿಗಿಂತ ಹೆಚ್ಚಂತೆ; ಹಾಸ್ಟೆಲ್ಲಿನಲ್ಲಿ ಬಿಸಿನೀರು ಬರುತ್ತದೆಯೇ? ನಿನ್ನ ಪ್ರಯೋಗಶಾಲೆಯ ಇಲಿಗಳೂ ಕ್ಷೇಮವೆಂದು ಭಾವಿಸುತ್ತೇನೆ, ಕ್ಷೇಮವಾಗಿರದೆ ಇರುವುದೇ ಅವುಗಳ ಕೆಲಸವಾದರೂ. ನಾವಿಲ್ಲಿ ಚೆನ್ನಾಗಿದ್ದೇವೆ. ನನ್ನ ಎಡಗೆನ್ನೆಯ ವಿಷಯ ಆಮೇಲೆ.

ನೀನು ಬಂದು ಹೋದ ಮೇಲೆ ನನಗೆ ಗಡ್ಡ ಬಂದಿದೆ. ಬಿಟ್ಟೆ ಎನ್ನುವುದಕ್ಕಿಂತ ಬಂತು ಎನ್ನುವುದೇ ಸರಿ. ಗಾದೆಪ್ಪನ ಕ್ಷೌರದಂಗಡಿಯಲ್ಲಿ ಸೋಪಿನ ಬ್ರಷ್ಷು ಎಡಗೆನ್ನೆಗೆ ತಾಗಿದ್ದೇ ಕಿವಿಯಿಂದ ದವಡೆಗೆ ಮಿಂಚು ಹೊಡೆದಂತಾಗಿ, ಅರ್ಧ ಮುಖದ ನೊರೆಯೊಂದಿಗೆ ಎದ್ದು ಮನೆಗೆ ನಡೆದುಬಂದೆ. ದಾವಣಗೆರೆಯ ಡಾಕ್ಟರು ಮುಖದ ನರದ ನೋವು ಎಂದು ಗುಳಿಗೆ ಕೊಟ್ಟರು. ನನಗೆ ನಿದ್ದೆ ಬಂತು, ನೋವು ಎಚ್ಚರವಾಗಿಯೇ ಇತ್ತು. ಗಡ್ಡ ಯಾಕೆಂದು ಓಣಿಯವರು ಕೇಳತೊಡಗಿದಾಗ ನಿಮ್ಮವ್ವ, ಮೈಲಾರಲಿಂಗನಿಗೆ ಹರಕೆ, ಮಗಳು ಔಷಧಿ ಕಂಡುಹಿಡಿಯುವತನಕ ಕತ್ತಿ ಮುಟ್ಟಿಸುವುದಿಲ್ಲ ಎಂದುಬಿಟ್ಟಳು. ನಾನು ಆಕ್ಷೇಪಿಸಿದರೆ, “ಮಾರಿಗೆ ರೋಗ ಬಂದೈತಿ ಅಂದ್ರ ನಾಳಿ ಮಗಳನ್ನ ನೋಡಾಕ ಯಾರರ ಬರ್ತಾರೇನ್ರಿ? ಸುಮ್ನ ಇರ್ರಿ” ಎಂದಳು. ಸುಮ್ಮನಿರುವುದು ನನಗೂ ಅನುಕೂಲ, ಮಾತಾಡಿದರೆ ನೋಯುತ್ತದೆ. ಚಪ್ಪಲಿ ಕಾಯುವ ನೆಪದಲ್ಲಿ ಗುಡಿಯ ಹೊರಗೇ ಉಳಿಯುತ್ತಿದ್ದ ನನಗೆ ಈಗ ಎದುರುಮನೆಯ ಉಚ್ಚಂಗೆಮ್ಮ ದಾರಿ ಬಿಟ್ಟು ನಿಲ್ಲುತ್ತಾಳೆ. ನಮ್ಮ ಅಂಗಡಿಗೆ ನೋಟ್‌ಬುಕ್ಕು ಕೊಳ್ಳಲು ಬಂದವರು ಚೌಕಾಸಿ ಮಾಡುವುದಿಲ್ಲ. ಮನುಷ್ಯ ಏನನ್ನೂ ನಂಬದೆಯೂ ನಂಬಿಕೆಗೆ ಅರ್ಹನಾಗಬಹುದು, ಮುಖದಲ್ಲಿ ಸಾಕಷ್ಟು ಕೂದಲಿದ್ದರೆ.

ನಮ್ಮ ಹೊಲದ ಬದುವಿನ ಲಕ್ಕಿ ಸೊಪ್ಪಿನ ಸಾರ ತೆಗೆದು ನೋವಿಗೆಂದು ಇಲಿಗಳಿಗೆ ಕೊಡುತ್ತಿದ್ದೀ ಎಂದು ತಿಳಿದಾಗಿನಿಂದ ನಿಮ್ಮವ್ವನೂ ಆ ಸೊಪ್ಪು ಅರೆಯುತ್ತಿದ್ದಾಳೆ. ಮೊದಲು ಪ್ರಾಣಿಗಳ ಮೇಲೆ ನೋಡಬೇಕೆಂದು ನೀನು ಬರೆದಿದ್ದೆಯಲ್ಲ, ಹಾಗಾಗಿ ಎಮ್ಮೆಯ ಕೆನ್ನೆಗೆ ಬಳಿದಳು. ಅದು ಒಮ್ಮೆ ಕಿವಿ ಬೀಸಿ ಮೆಲುಕು ಹಾಕತೊಡಗಿತು. “ಎಷ್ಟ್ ಆರಾಮ ಐತಿ ನೋಡ್ರಿ” ಎಂದಳು. ಬಳಿಯುವ ಮೊದಲೂ ಆರಾಮವಾಗಿಯೇ ಇತ್ತಲ್ಲ ಎಂದೆ. ಅಷ್ಟಕ್ಕೆ ನನ್ನ ಸರದಿ ಬಂತು.

ಇಲಿ ಮುಂಗಾಲಿನಿಂದ ಎಷ್ಟು ಹೊತ್ತು ಮುಖ ಉಜ್ಜಿಕೊಳ್ಳುತ್ತದೆ ಎಂದು ನೋಡಿ ನೀವು ನೋವನ್ನು ಅಳೆಯುತ್ತೀರಂತೆ. ನಿಮ್ಮವ್ವನೂ ಅಕ್ಕಿ ಆರಿಸುತ್ತ ನನ್ನ ಕೈಯನ್ನೇ ನೋಡುತ್ತಾಳೆ. ಕೈ ಕೆನ್ನೆಗೆ ಹೋದಾಗಲೆಲ್ಲ ಒಂದು ಕಾಳು ಮೊರದ ಅಂಚಿಗೆ ಸರಿಯುತ್ತದೆ. ನಾನು ಪೇಪರನ್ನು ಎರಡೂ ಕೈಯಲ್ಲಿ ಹಿಡಿದು ಓದಲು ಕಲಿತೆ. ಅಂಚು ಖಾಲಿಯಾಗುತ್ತ ಬಂತು.

ಅಷ್ಟರಲ್ಲಿ ನಿನ್ನ ಪತ್ರ: ಸಾರ ಕೊಟ್ಟ ಇಲಿಗಳು ಮುಖ ಉಜ್ಜುವುದು ಕಡಿಮೆಯಾಗಿದೆ, ಆದರೆ ಇದನ್ನೇ ನಂಬುವಂತಿಲ್ಲ, ಇನ್ನೂ ನೋಡಬೇಕು. ‘ಆದರೆ’ ಆದ ಮೇಲಿನದನ್ನು ನಿಮ್ಮವ್ವ ಓದಲಿಲ್ಲ. ಔಷಧಿ ಸಿಕ್ಕಿತು, ಹರಕೆ ತೀರಿಸಬೇಕು. ಭಾನುವಾರ ಮೈಲಾರಕ್ಕೆ ಜೀಪು ಗೊತ್ತುಮಾಡಿದ್ದಾಗಿದೆ, ಗಾದೆಪ್ಪನೂ ಬರುತ್ತಾನೆ. ಹೊಳೆಯ ದಂಡೆಯಲ್ಲಿ ಕೂರಿಸಿ ಗಡ್ಡ ತೆಗೆಯುವುದು. “ಆವತ್ತು ಅರ್ಧಕ್ಕ ಎದ್ದು ಹೋಗಿದ್ರಿ ಯಜಮಾನ್ರ, ಈ ಸಲ ದೇವ್ರು ಹಿಡ್ಕಂಡಿರ್ತಾನ” ಎಂದು ನಗುತ್ತಾನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅವ್ವ ಚಟ್ನಿಪುಡಿ ಕುಟ್ಟಿಸಿದ್ದಾಳೆ, ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇವೆ. ನಿನಗೂ, ದೂರದಿಂದಲೇ ನಿನ್ನ ಇಲಿಗಳಿಗೂ ಒಳ್ಳೆಯದಾಗಲಿ.

ನಿನ್ನ ಅಪ್ಪ,
ಹಾಲಸ್ವಾಮಿ

ತಾ.ಕ.: ಇಲಿ ಮುಖ ಉಜ್ಜುವುದನ್ನು ನಿಲ್ಲಿಸಿದರೆ ನೋವು ಹೋಯಿತೆಂದೇ ಅಲ್ಲ. ಯಾರೋ ನೋಡುತ್ತಿದ್ದಾರೆಂದೂ ನಿಲ್ಲಿಸಬಹುದು. ನಾನು ನಿಲ್ಲಿಸಿದ್ದು ಹಾಗೆ. ಅಂಚಿಗೆ ಒಂದು ಕಾಳೂ ಸರಿಯದ ದಿನ ನಿಮ್ಮವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಆಮೇಲೆ ನಾನು ಹೇಳುವುದು ಹೇಗೆ? ಫೋನು ನಡುಮನೆಯಲ್ಲಿದೆ, ಅವಳೂ ಅಲ್ಲೇ ಇರುತ್ತಾಳೆ. ಶನಿವಾರದೊಳಗೆ ನೀನೇ ಫೋನು ಮಾಡಿ ಆ ಓದದೆ ಬಿಟ್ಟ ಸಾಲನ್ನು ಅವಳಿಗೆ ಓದಿ ಹೇಳು. ಗಾದೆಪ್ಪ ಹೊಸ ಕತ್ತಿ ತಂದಿದ್ದಾನೆ.