ನಿಮ್ಮ ‘ಬೇಡ’ಕ್ಕೆ ನಾನಿಟ್ಟ ಇಂಗ್ಲಿಷ್ ಹೆಸರು

ಪ್ರೀತಿಯ ಅತ್ತೆ,

ಪಕ್ಕದ ಕೋಣೆಯಲ್ಲಿ ನೀವು ಹೊಲಿಗೆ ಮೆಷಿನ್ ತುಳಿಯುವ ಸದ್ದು ಕೇಳುತ್ತಿದೆ. ನಡುನಡುವೆ ನಿಲ್ಲುತ್ತದೆ, ಮಂಡಿ ಹಿಡಿದುಕೊಂಡಿದೆ ಎಂದು ಅರ್ಥ. ಎದ್ದು ಬಂದು ಎದುರಿಗೆ ಹೇಳಬೇಕಾದ್ದನ್ನು ಇಲ್ಲಿ ಕೂತು ಬರೆಯುತ್ತಿದ್ದೇನೆ. ನನ್ನ ಕಾಗುಣಿತ ನೋಡಿ ನಗಬೇಡಿ. ಅಥವಾ ನಕ್ಕುಬಿಡಿ, ನನಗೂ ಸ್ವಲ್ಪ ಹಗುರವಾಗುತ್ತದೆ.

ನಿನ್ನೆ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ನಿಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮಂಡಿ ಸವೆದಿದೆ, ಬದಲಿಸಬೇಕು ಎಂದರು. ಅವರಿಗೆ ಕನ್ನಡ ಬರುವುದಿಲ್ಲ, ನಿಮಗೆ ಇಂಗ್ಲಿಷ್ ಬರುವುದಿಲ್ಲ, ನಡುವೆ ನಾನು. ಎಲ್ಲ ಕೇಳಿಸಿಕೊಂಡು ನೀವು, “ಅವ್ರು ಹೇಳಿದ್ದೆಲ್ಲ ನಿಜಾನೇ ಇರ್ಬೋದು. ನೋಯುತ್ತೆ ಅಂದಿದ್ದೂ ನಾನೇ. ಕೊಯ್ಯಿ ಅಂದಿಲ್ಲ. ನಂಗೆ ಬೇಡ,” ಎಂದಿರಿ. ಡಾಕ್ಟರು ನನ್ನ ಮುಖ ನೋಡಿದರು. ನೋ ಎಂಬ ಒಂದೇ ಅಕ್ಷರ ಸಾಕಿತ್ತು. ಅಷ್ಟು ದೊಡ್ಡವರಿಗೆ ಮುಖಕ್ಕೆ ಹೊಡೆದಂತೆ ಹೇಳುವುದು ಹೇಗೆ ಎಂದು, ಕಾನ್ವೆಂಟಿನಲ್ಲಿ ಕಲಿತ ನಯದ ಪದವೊಂದನ್ನು ಹೆಕ್ಕಿದೆ. ಡಿಮರ್. ಅವರು ಡಿಮರ್ ಮಾಡುತ್ತಿದ್ದಾರೆ ಎಂದೆ. ಮೆಲ್ಲಗೆ ಒಪ್ಪದಿರುವುದಕ್ಕೆ ಹಾಗನ್ನುತ್ತಾರೆ. ಡಾಕ್ಟರಿಗೆ ಅದು ಹಿಂಜರಿಕೆ ಎಂದು ಕೇಳಿಸಿತು. ಈ ವಯಸ್ಸಿಗೆ ಭಯ ಇದ್ದದ್ದೇ ಎಂದು ನಕ್ಕು, ಮುಂದಿನ ವಾರಕ್ಕೆ ಆಪರೇಷನ್ ಗೊತ್ತುಮಾಡಿದರು. ನಾನು ತಿದ್ದಲಿಲ್ಲ. ನಿಮಗೆ ಹೇಳಲೂ ಇಲ್ಲ. ಥ್ಯಾಂಕ್ಯೂ ಎಂದು ಎದ್ದೆ.

ಹೊರಗೆ ಬಂದಾಗ ನೀವು, “ಅದೇನೇ ಅದು, ನನ್ನನ್ನ ಡಿಮ್ಮು ಅಂದ್ಯಾ? ಬಲ್ಬು ಇನ್ನೂ ಹಾರಿಲ್ಲ ಕಣೆ,” ಎಂದಿರಿ. ಇಬ್ಬರೂ ನಕ್ಕೆವು. ಟ್ಯಾಕ್ಸಿಯಲ್ಲಿ ನನ್ನ ಕೈ ಮೇಲೆ ಕೈಯಿಟ್ಟು, “ನೀನಿದ್ದಿದ್ದಕ್ಕೆ ಆಯ್ತು. ಇಲ್ದಿದ್ರೆ ನನ್ನ ಮಾತು ಅವ್ರಿಗೆ ಯಾರು ಮುಟ್ಟಿಸ್ತಿದ್ರು,” ಎಂದಿರಿ. ಆ ಕೈ ತೆಗೆಯುವವರೆಗೂ ನಾನು ಕಿಟಕಿಯ ಹೊರಗೇ ನೋಡುತ್ತಿದ್ದೆ.

ಇವತ್ತು ಆಫೀಸಿನಲ್ಲಿ ಕೆಲಸ ಓಡಲಿಲ್ಲ. ನಮ್ಮದು ಬಂದರಿನ ಸರಕು ಬಿಡಿಸುವ ಕಚೇರಿ ಅಲ್ಲವೇ, ಇಳಿಸುವುದು ತಡವಾಗಿ ಹಡಗು ನಿಂತರೆ ಡೆಮರೇಜ್ ಎಂದು ದಂಡ ಬೀಳುತ್ತದೆ. ದಿನಾ ಬಾಯಲ್ಲಿ ಓಡಾಡುವ ಮಾತು. ಡಿಮರ್, ಡೆಮರೇಜ್ ಎರಡೂ ಒಂದೇ ಮನೆಯವೋ ಎಂದು ನಿಘಂಟು ನೋಡಿದೆ. ಹೌದು, ಒಂದೇ ಬೇರು. ಲ್ಯಾಟಿನ್ನಿನಲ್ಲಿ ಅದಕ್ಕೆ ತಡಮಾಡುವುದು ಎಂದು ಅರ್ಥವಂತೆ. ಹಳೆಯ ಫ್ರೆಂಚಿನಲ್ಲಿ ನಿಲ್ಲುವುದು, ಉಳಿಯುವುದು ಎಂದಾಯಿತು. ಅಲ್ಲಿಂದ ಇಂಗ್ಲಿಷಿನ ಕೋರ್ಟಿಗೆ ಹೋಯಿತು. ಎದುರಿನವರು ಹೇಳಿದ್ದೆಲ್ಲ ನಿಜವೆಂದೇ ಇಟ್ಟುಕೊಳ್ಳೋಣ, ಆದರೂ ಅಷ್ಟರಿಂದಲೇ ನಾನು ಉತ್ತರ ಕೊಡಬೇಕಾಗಿಲ್ಲ ಎಂದು ನಿಲ್ಲುವ ತಕರಾರಿಗೆ ಅಲ್ಲಿ ಇದೇ ಪದದಿಂದ ಬಂದ ಹೆಸರು.

ಓದುತ್ತ ಮುಖ ಬಿಸಿಯಾಯಿತು. ನೀವು ಡಾಕ್ಟರಿಗೆ ಹೇಳಿದ್ದು ಅದನ್ನೇ. ಪದ ಸರಿಯಾಗಿಯೇ ಇತ್ತು, ಆಡಿದವಳು ಸರಿಯಿರಲಿಲ್ಲ. ನಾನು ನಿಮ್ಮನ್ನು ಬಂದರಿನ ದಕ್ಕೆಯಲ್ಲಿ ನಿಂತ ಹಡಗಿನಂತೆ ನೋಡಿದ್ದೆ. ತಡವಾಗುತ್ತಿದೆ, ಬೇಗ ಬಿಡಿಸಿ ಕಳಿಸಬೇಕು. ನಿಮ್ಮ ನೋವು ಹೋಗಲಿ ಎಂದೋ, ಮೆಟ್ಟಿಲಲ್ಲಿ ನಿಮ್ಮ ಕೈ ಹಿಡಿಯುವ ಕೆಲಸ ನನಗೆ ತಪ್ಪಲಿ ಎಂದೋ? ಎರಡೂ ಇತ್ತು. ಯಾವುದು ಎಷ್ಟು ಎಂದು ಕೇಳಬೇಡಿ, ನನಗೇ ಹೇಳಿಕೊಳ್ಳಲು ನಾಚಿಕೆ. ಗಿರಾಕಿ ಹೂಂ ಅನ್ನದೆ ನೀವು ಒಂದು ಬಟ್ಟೆಗೂ ಕತ್ತರಿ ಹಾಕಿದವರಲ್ಲ.

ಮಧ್ಯಾಹ್ನ ಆಸ್ಪತ್ರೆಗೆ ಫೋನ್ ಮಾಡಿ ನೋ ಎಂದೆ. ಕಾರಣ ಕೇಳಿದರು. ನಮ್ಮತ್ತೆಗೆ ಬೇಡವಂತೆ, ನಿನ್ನೆಯೇ ಹೇಳಿದ್ದರು, ನಾನು ನೆಟ್ಟಗೆ ಮುಟ್ಟಿಸಲಿಲ್ಲ ಎಂದೆ.

ಆಪರೇಷನ್ ಆಗಲಿ ಎಂಬ ಆಸೆ ಈಗಲೂ ಇದೆ, ಅತ್ತೆ. ಅದು ನನ್ನ ಮಾತು. ಇನ್ನು ಅದನ್ನು ನಿಮ್ಮ ಮಾತಿನೊಳಗೆ ತುರುಕುವುದಿಲ್ಲ. ನಿಮ್ಮೆದುರು ಕೂತು, ಬೇಕಾದರೆ ಜಗಳವಾಡಿ, ಕನ್ನಡದಲ್ಲೇ ಕೇಳುತ್ತೇನೆ. ಆಗಲೂ ಬೇಡ ಎಂದರೆ ಬೇಡ. ನೀವು ಮೆಟ್ಟಿಲಲ್ಲಿ ನಿಂತಾಗ ನಾನೂ ನಿಲ್ಲುತ್ತೇನೆ, ನಿಮ್ಮ ಕಾಲು ಏಳುವವರೆಗೆ.

ಮೆಷಿನ್ ಮತ್ತೆ ನಿಂತಿತು. ಇದನ್ನು ನಿಮ್ಮ ಕೈಗೇ ಕೊಡಲು ಬರುತ್ತಿದ್ದೇನೆ. ನಿಮ್ಮ ನೋವು ಇವತ್ತಾದರೂ ನಿಮ್ಮನ್ನು ನಿದ್ದೆ ಮಾಡಲು ಬಿಡಲಿ.

ನಿಮ್ಮ ಮಾತನ್ನು ಅರ್ಧ ದಾರಿಯಲ್ಲೇ ಇಳಿಸಿಬಂದಿದ್ದ,
ನಿಮ್ಮ ಸೊಸೆ