ನೀನು ರೈಟ್ ಅನ್ನದ ಬಸ್ಸು

...ಅದಕ್ಕೇ ಬಸ್ಸು ಇನ್ನೂ ಬೆಟ್ಟದ ಬುಡದಲ್ಲೇ ನಿಂತಿದೆ, ಸೋಮೇಶ. ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ಇವತ್ತೇ ಮೊದಲು ನೀನು ಕಟ್ಟಿದ ಕಂಪ್ಯೂಟರ್ ಗೇಮಿಗೆ ಹೋದೆ. ನಮ್ಮಪ್ಪ ಹುಟ್ಟುವ ಕಾಲಕ್ಕೆ ಇಂಗ್ಲೆಂಡಿನ ಕಾಲೇಜಲ್ಲಿ ಶುರುವಾದ ಥರದ್ದು. ಚಿತ್ರವೇ ಇಲ್ಲ, ಎಲ್ಲರೂ ಬರೀ ಟೈಪ್ ಮಾಡಿ ಒಟ್ಟಿಗೆ ಆಡೋದು. ಯಾರು ಆಡ್ತಾರೆ ಅಂತ ನಗ್ತಿದ್ದರಲ್ಲ, ಈಗ ಐದಾರು ಜನ ಆ ಬಸ್ಸಲ್ಲಿ ಕೂತಿದ್ದಾರೆ.

ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ಗಾಡಿ ಬಿಡಲ್ಲ, ಸರ್ಕಾರಿ ಬಸ್ಸಲ್ಲೇ ಹತ್ತಬೇಕು, ಗೇಮಲ್ಲೂ ಹಾಗೇ ಇರಲಿ, ಕಂಡಕ್ಟ್ರು ನಾನೇ, ನಾನು ರೈಟ್ ಅಂದರೇನೇ ಬಸ್ಸು ಹೊರಡಲಿ ಅಂತ ಕೋಡ್ ಬರೆದವನು ನೀನು. ಈಗ ನಿನ್ನ ಬದಲು ನಾನು ರೈಟ್ ಅಂತ ಒತ್ತಿದಾಗೆಲ್ಲ ನೀನು ಬರೆದಿಟ್ಟ ಸಾಲೇ ಬರುತ್ತೆ: "ನೀನು ಕಂಡಕ್ಟ್ರಲ್ಲ ಕಣ್ಲಾ, ಸುಮ್ನೆ ಕೂತ್ಕೊ."

ನೀನು ಹೋದದ್ದು ಗೊತ್ತಿಲ್ಲದೆ ಬಸ್ಸಲ್ಲಿ ಕೂತಿದ್ದ ಗುಂಡ್ಲುಪೇಟೆಯ ಚಾಮುಂಡಿ ಟೈಪ್ ಮಾಡಿದಳು: "ಕಂಡಕ್ಟ್ರು ಎಲ್ಲೋದ ಕಣಣ್ಣ? ಬರಲ್ಲ ಅಂದ್ರೆ ಯೋಳ್ಬುಡು, ಇಳ್ಕಂಡು ಓಯ್ತೀವಿ."

ಬರಲ್ಲ ಅಂತ ಒತ್ತೋಕೆ ನನ್ನ ಕೈ ಬರ್ತಿಲ್ಲ. ಧೈರ್ಯ ಇದ್ದರೆ ಅವಳಿಗೆ ನೀನೇ ಉತ್ತರ ಕೊಡ್ತೀಯೇನ್ಲಾ?